ಒಂದು ಟ್ಯಾಕ್ಸಿಯಲ್ಲಿ ಹಿಡಿಸುವ ಪಕ್ಷ

ಅವರ ಬಲಗೈಯ ಕಿರುಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಿಗಿಂತ ಉದ್ದವಾಗಿತ್ತು. ಉಳಿದವನ್ನು ಪ್ರತಿ ಗುರುವಾರ ಸಂಜೆ ಆಫೀಸು ಮುಗಿಯುವ ಹೊತ್ತಿಗೆ ಕಸದ ಬುಟ್ಟಿಯ ಮೇಲೆ ಬಾಗಿ ಕತ್ತರಿಸುತ್ತಿದ್ದರು. ಇದೊಂದನ್ನು ಬಿಡುತ್ತಿದ್ದರು. ತುದಿ ಸ್ವಲ್ಪ ಬಾಗಿ, ಬಣ್ಣ ಹಳದಿಗೆ ತಿರುಗಿತ್ತು. ಅದರಿಂದ ಪತ್ರಿಕೆಯ ಸಾಲುಗಳ ಕೆಳಗೆ ಗೀರು ಎಳೆಯುತ್ತಿದ್ದರು, ಕಿವಿ ತುರಿಸಿಕೊಳ್ಳುತ್ತಿದ್ದರು, ಬೇರೆಯವರ ಪಾಸ್‌ಪೋರ್ಟಿನ ಹಾಳೆ ಎತ್ತುತ್ತಿದ್ದರು. ಎದುರಿಗಿದ್ದವರು ಮಾತಾಡುವಾಗ ಮೇಜಿನ ಗಾಜಿನ ಮೇಲೆ ಅದನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. ಆ ಸದ್ದು ಬಂತೆಂದರೆ ನಮ್ಮ ಮಾತು ಮುಗಿಯಿತು ಎಂದು ಅರ್ಥ.

ಅವರು ನನಗೆ ಎರಡು ಕಡೆ ಮೇಲಿನವರಾಗಿದ್ದರು. ದೋಹಾದಲ್ಲಿ ನಾನು ಕೆಲಸಕ್ಕೆ ಸೇರಿದ ಕಂಪೆನಿಯಲ್ಲಿ ಆಡಳಿತ ವಿಭಾಗದ ಮುಖ್ಯಸ್ಥರು. ನಮ್ಮ ಕರಾವಳಿಯವರ ಸಂಘದಲ್ಲಿ ಅಧ್ಯಕ್ಷರು. ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತದ್ದನ್ನು ನೋಡಿದವರು ಇರಲಿಲ್ಲ. ಆಫೀಸಿನಲ್ಲೂ ಜನ ಅವರನ್ನು ಅಧ್ಯಕ್ಷರೇ ಎಂದು ಕರೆಯುತ್ತಿದ್ದುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಹೈಸ್ಕೂಲಿನಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. 2005ರ ಜೂನ್‌ನಿಂದ ಮುಂದಿನ ನಾಲ್ಕು ವರ್ಷ ಅದರಲ್ಲಿ ಅತಿ ಹೆಚ್ಚು ಸಲ ಬಂದಿರುವವರು ಇವರು. ಅಷ್ಟು ಜಾಗಕ್ಕೆ ಯೋಗ್ಯರಾಗಿದ್ದರು ಎಂದು ಇದರ ಅರ್ಥವಲ್ಲ.

ಎಪ್ಪತ್ತರ ದಶಕದಲ್ಲಿ ಅವರು ಯಾರದೋ ಸಹಾಯದಿಂದ ಉತ್ತರ ಇಂಗ್ಲೆಂಡಿನ ಒಂದು ಊರಿಗೆ ಹೋಗಿ ಆಫೀಸು ಆಡಳಿತದ ಡಿಪ್ಲೊಮಾ ಮಾಡಿದ್ದರು. ಇದ್ದದ್ದು ಒಂದು ವರ್ಷ ಚಿಲ್ಲರೆ. ಅಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನಿ ಲಿಬರಲ್ ಪಕ್ಷದವಳು. ಉಪಚುನಾವಣೆ ಬಂದಾಗ ಅವಳು ಇವರ ಕೈಗೆ ಕರಪತ್ರಗಳ ಕಟ್ಟು ಕೊಟ್ಟು ಬೀದಿಗೆ ಕಳಿಸಿದಳು. ಮೂರನೆಯ ಮನೆಯಲ್ಲೋ ನಾಲ್ಕನೆಯ ಮನೆಯಲ್ಲೋ ನಾಯಿ ಕಚ್ಚಿತು. ಎಡಗಾಲಿನ ಮೀನಖಂಡದಲ್ಲಿ ಆ ಗುರುತು ಇತ್ತು. ಹೊಸದಾಗಿ ಸಂಘಕ್ಕೆ ಸೇರಿದವರಿಗೆ ಪ್ಯಾಂಟು ಮಡಚಿ ತೋರಿಸುತ್ತಿದ್ದರು.

"ಲಿಬರಲಿಸಂಗೋಸ್ಕರ ರಕ್ತ ಕೊಟ್ಟವ ನಾನು. ಈ ಗಲ್ಫಿನಲ್ಲಿ ಹಾಗೆ ಹೇಳುವ ಇನ್ನೊಬ್ಬನನ್ನು ತೋರಿಸಿ ನೋಡುವ."

ಯಾರೂ ತೋರಿಸುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಂಘದ ನಾಲ್ಕೈದು ಜನ ಮದೀನತ್ ಖಲೀಫಾ ಬಡಾವಣೆಯ ಅವರ ಮನೆಗೆ ಹೋಗುವುದು ರೂಢಿ. ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ನೀರುದೋಸೆ ಹೊಯ್ದು ಕೋಳಿ ಸಾರು ಮಾಡುತ್ತಿದ್ದರು. ನಾನು ಹೋಗುತ್ತಿದ್ದುದು ದೋಸೆಗೆ. ಆದರೆ ದೋಸೆಯ ಜೊತೆ ಬ್ರಿಟನ್ನಿನ ಚರಿತ್ರೆಯನ್ನೂ ತಿನ್ನಬೇಕಾಗಿತ್ತು. ಆಫೀಸಿನ ಮ್ಯಾನೇಜರರ ಕೋಣೆಯಿಂದ ತಂದ ಎರಡು ದಿನ ಹಳೆಯ ಇಂಗ್ಲೆಂಡ್ ಪತ್ರಿಕೆಯನ್ನು ಮಡಿಲಲ್ಲಿ ಹರಡಿಕೊಂಡು, ಉಗುರಿನಿಂದ ಗೀರುತ್ತ, ಅಧ್ಯಕ್ಷರು ಪಾಠ ಮಾಡುತ್ತಿದ್ದರು.

ಪಾಠ ಕೆಟ್ಟದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪಕ್ಷ ಹೇಗೆ ದೇಶವಾಳಿತು, ಹೊರಗಿನಿಂದ ಬರುವ ಸರಕಿನ ಮೇಲಿನ ಸುಂಕ ಇಳಿಸಿದರೆ ಬಡವನ ರೊಟ್ಟಿ ಅಗ್ಗವಾಗುತ್ತದೆಂದು ಹೇಗೆ ವಾದಿಸಿತು, ಐರ್ಲೆಂಡಿಗೆ ಸ್ವಂತ ಆಡಳಿತ ಕೊಡಬೇಕೇ ಎಂಬ ಪ್ರಶ್ನೆಯಲ್ಲಿ ಹೇಗೆ ಸೀಳಿತು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮತ್ತೆ ಗೆದ್ದು ಮುದುಕರಿಗೆ ಪಿಂಚಣಿ ಹೇಗೆ ಕೊಟ್ಟಿತು, ಎಲ್ಲವನ್ನೂ ಕ್ರಮವಾಗಿ ಹೇಳುತ್ತಿದ್ದರು. ಮೊದಲ ಮಹಾಯುದ್ಧದ ನಡುವೆ ಒಬ್ಬ ನಾಯಕನ ಕುರ್ಚಿಯನ್ನು ಅದೇ ಪಕ್ಷದ ಇನ್ನೊಬ್ಬ ಎಳೆದುಕೊಂಡ. ಇಬ್ಬರೂ ತಮ್ಮ ತಮ್ಮ ಕಡೆಯವರನ್ನು ಕಟ್ಟಿಕೊಂಡು ಬೇರೆ ಬೇರೆ ನಿಂತರು. ಆಮೇಲೆ ಪಕ್ಷ ಮೇಲೇಳಲಿಲ್ಲ. ಸಂಸತ್ತಿನಲ್ಲಿ ಅದರ ಸದಸ್ಯರು ಎಷ್ಟು ಕಡಿಮೆಯಾದರೆಂದರೆ, ಎಲ್ಲರೂ ಒಂದು ಟ್ಯಾಕ್ಸಿಯಲ್ಲಿ ಹಿಡಿಸುತ್ತಾರೆ ಎಂದು ಲಂಡನ್ನಿನಲ್ಲಿ ಜನ ತಮಾಷೆ ಮಾಡುತ್ತಿದ್ದರಂತೆ.

"ಟ್ಯಾಕ್ಸಿಯಲ್ಲಿ ಹಿಡಿಸಿದ್ರೂ ತತ್ವ ಬಿಡ್ಲಿಲ್ಲ ನೋಡಿ," ಎನ್ನುತ್ತಿದ್ದರು. "ತತ್ವ ಎಂತದು? ಮನುಷ್ಯನನ್ನು ಅವನ ಪಾಡಿಗೆ ಬಿಡುದು. ಅಷ್ಟೇ. ಎಲ್ಲಿಗೆ ಹೋಗ್ತಾನೆ, ಎಂತ ಮಾಡ್ತಾನೆ, ಅವನಿಗೆ ಬಿಟ್ಟದ್ದು."

ಮೊದಲ ತಿಂಗಳಲ್ಲೇ ನಾನೊಂದು ಪ್ರಶ್ನೆ ಕೇಳಿದ್ದೆ.

"ಅಧ್ಯಕ್ಷರೇ, ಆ ಪಕ್ಷ ಅಲ್ಲಿ ಆಳ್ತಿದ್ದಾಗ ನಮ್ಮನ್ನೂ ಅವರೇ ಆಳ್ತಿದ್ದದ್ದಲ್ವಾ? ನಮ್ಮನ್ನು ಯಾಕೆ ನಮ್ಮ ಪಾಡಿಗೆ ಬಿಡ್ಲಿಲ್ಲ?"

ಉಗುರು ಒಂದು ಕ್ಷಣ ನಿಂತಿತು.

"ಅದು ಬೇರೆ ಡಿಪಾರ್ಟ್‌ಮೆಂಟ್."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಕ್ಕರು. ಅಧ್ಯಕ್ಷರು ತಿರುಗಿ ನೋಡಿದ ಮೇಲೆ ದೋಸೆ ಕಲ್ಲಿನ ಹತ್ತಿರ ಹೋದರು. ಬೇರೆ ಡಿಪಾರ್ಟ್‌ಮೆಂಟ್ ಎಂಬ ಮಾತು ಅಧ್ಯಕ್ಷರದೇ ಆಸ್ತಿ ಎಂದು ನನಗೆ ಆಮೇಲೆ ತಿಳಿಯಿತು. ತತ್ವ ಎಲ್ಲಿ ತಮ್ಮ ಕಾಲಿಗೆ ತೊಡರುತ್ತದೋ ಅಲ್ಲಿ ಬೇರೆ ಡಿಪಾರ್ಟ್‌ಮೆಂಟ್ ಶುರುವಾಗುತ್ತಿತ್ತು. ಹೆಂಗಸರಿಗೆ ಮತ ಕೊಡಲು ಆ ಪಕ್ಷದ ಸರ್ಕಾರ ವರ್ಷಗಟ್ಟಲೆ ಸತಾಯಿಸಿದ್ದು ಬೇರೆ ಡಿಪಾರ್ಟ್‌ಮೆಂಟ್. ಅಕ್ಕನಿಗೆ ಇಲ್ಲಿನ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿದಾಗ ಬೇಡವೆಂದದ್ದೂ ಬೇರೆ ಡಿಪಾರ್ಟ್‌ಮೆಂಟ್. ಆಫೀಸಿನಲ್ಲಿ ಅವರ ಕುರ್ಚಿಯ ಹಿಂದಿನ ಕಬ್ಬಿಣದ ಕಪಾಟಿನಲ್ಲಿ ಕಂಪೆನಿಯ ಎಲ್ಲ ಕೆಲಸಗಾರರ ಪಾಸ್‌ಪೋರ್ಟುಗಳು ಬೀಗದೊಳಗೆ ಕೂತಿದ್ದವು. ನನ್ನದೂ ಅಲ್ಲೇ ಇತ್ತು. ಕೀಲಿಗೊಂಚಲು ಅವರ ಸೊಂಟದಲ್ಲಿ. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕೆಂದು ಸಾರುವಾಗ ಅದು ಕಿಣಿಕಿಣಿ ಎನ್ನುತ್ತಿತ್ತು.

2006ರ ಜನವರಿಯಲ್ಲಿ ಆ ಪಕ್ಷದ ಆಗಿನ ನಾಯಕನನ್ನು ಅವನ ಕಡೆಯ ಸದಸ್ಯರೇ ಕೆಳಗಿಳಿಸಿದರು. ಆ ಶುಕ್ರವಾರ ಅಧ್ಯಕ್ಷರ ಮನೆಯಲ್ಲಿ ಹಬ್ಬದ ಕಳೆ. ಸೋಫಾದಿಂದ ಎದ್ದು ನಿಂತು ಅಭಿನಯಿಸಿ ತೋರಿಸಿದರು.

"ನಮ್ಮ ಊರಲ್ಲಾದ್ರೆ ಎಂತ? ಕುರ್ಚಿ ಮುರಿಯುದು, ಮೈಕ್ ಎಳೆಯುದು. ಅವರದ್ದು ಹಾಗಲ್ಲ ಮಾರಾಯ. ಒಬ್ಬೊಬ್ಬನೇ ಒಳಗೆ ಹೋಗ್ತಾನೆ. ಬಾಗಿಲು ಹಾಕ್ತಾನೆ. 'ಸರ್, ನಿಮ್ಮ ಮೇಲೆ ಗೌರವ ಉಂಟು. ಆದ್ರೆ ನಿಮ್ಮ ಕೆಳಗೆ ಇನ್ನು ನಾನು ಇರುದಿಲ್ಲ.' ಅಷ್ಟೇ ಹೇಳಿ ಹೊರಗೆ ಬರ್ತಾನೆ. ಇನ್ನೊಬ್ಬ ಹೋಗ್ತಾನೆ. ನಾಯಕ ಆದವ ಕಿಟಕಿಯಿಂದ ಹೊರಗೆ ನೋಡ್ತಾನೆ. ಬೆಳಿಗ್ಗೆ ಹೆಂಡತಿ ಒಟ್ಟಿಗೆ ಮನೆ ಮೆಟ್ಟಿಲಿಗೆ ಬಂದು ಒಂದು ಕಾಗದ ಓದ್ತಾನೆ. ಖಲಾಸ್. ಏ, ಬಾ ಇಲ್ಲಿ."

ಕೊನೆಯ ಮಾತು ಅಕ್ಕನಿಗೆ. ಅಕ್ಕ ಸೌಟು ಹಿಡಿದುಕೊಂಡೇ ಬಂದು ಪಕ್ಕದಲ್ಲಿ ನಿಂತರು. ಅಧ್ಯಕ್ಷರು ಪತ್ರಿಕೆಯನ್ನು ಕಾಗದದಂತೆ ಹಿಡಿದು, ಇಂಗ್ಲಿಷಿನಲ್ಲಿ ಎರಡು ವಾಕ್ಯ ಓದಿ, ಕಣ್ಣು ಒರೆಸಿಕೊಂಡರು. ಸೌಟಿನಿಂದ ಸಾರು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕಿತು.

"ಕಾಗದ ಓದಿ ಆಯ್ತಲ್ಲ, ಇನ್ನು ದೋಸೆ ಕರಟುದಕ್ಕೆ ನಾನು ರಾಜೀನಾಮೆ ಕೊಡ್ಬೇಕಾ?" ಎಂದು ಅಕ್ಕ ಒಳಗೆ ಹೋದರು.

ಮರುದಿನ ಆಫೀಸಿನಲ್ಲಿ ಅಧ್ಯಕ್ಷರು ಇದೇ ಸಂಗತಿಯನ್ನು ನಮ್ಮ ಮ್ಯಾನೇಜರರ ಮುಂದೆ ಎತ್ತಿದರು. ಮ್ಯಾನೇಜರರು ಇಂಗ್ಲೆಂಡಿನವರೇ. ಕಡತ ಹಿಡಿದು ನಾನೂ ಆ ಕೋಣೆಯಲ್ಲಿದ್ದೆ. ನಿಮ್ಮ ದೇಶದ ಲಿಬರಲ್ ನಾಯಕ ರಾಜೀನಾಮೆ ಕೊಟ್ಟನಲ್ಲ, ಬಹಳ ಘನತೆಯಿಂದ ನಡೆದುಕೊಂಡ ಎಂದರು ಇವರು. ಮ್ಯಾನೇಜರರು ಸ್ವಲ್ಪ ಹೊತ್ತು ಯೋಚಿಸಿ, "ಯಾರು ಅದು?" ಎಂದು ಕೇಳಿದರು. ತಾವು ಹದಿನೈದು ವರ್ಷದಿಂದ ಮತವನ್ನೇ ಹಾಕಿಲ್ಲವೆಂದರು, ಏಸಿ ರಿಪೇರಿಯವ ಯಾವಾಗ ಬರುತ್ತಾನೆಂದು ಕೇಳಿದರು. ಹೊರಗೆ ಬಂದ ಮೇಲೆ ಅಧ್ಯಕ್ಷರು ನನಗೆ ವಿವರಿಸಿದರು: "ಇವರು ದಕ್ಷಿಣದವರು. ಅಲ್ಲಿಯವರಿಗೆ ರಾಜಕೀಯ ಗೊತ್ತಿಲ್ಲ."

ಆ ನಾಯಕನ ಜಾಗಕ್ಕೆ ವಯಸ್ಸಾದ ಇನ್ನೊಬ್ಬ ಬಂದ. 2007ರ ಅಕ್ಟೋಬರಿನಲ್ಲಿ ಅವನೂ ಬಿಟ್ಟ. ಇವನಿಗೆ ವಯಸ್ಸಾಯಿತು ಎಂದು ಪತ್ರಿಕೆಗಳೂ ಸ್ವಂತ ಕಡೆಯವರೂ ಗೊಣಗಿ ಗೊಣಗಿ ಬಿಡುವ ಹಾಗೆ ಮಾಡಿದ್ದರು. ಈ ಸಲದ ಶುಕ್ರವಾರ ಅಭಿನಯ ಇರಲಿಲ್ಲ. ಅಧ್ಯಕ್ಷರು ಮುಖ ಊದಿಸಿಕೊಂಡು ಕೂತಿದ್ದರು. ಅವರಿಗೂ ಅರವತ್ತು ಸಮೀಪಿಸಿತ್ತು.

"ಇದು ಸರಿಯಲ್ಲ. ಅನುಭವ ಇದ್ದವನನ್ನು ಹೀಗೆಲ್ಲ ಕಳಿಸ್ಬಾರ್ದು."

"ನೀವೇ ಹೇಳಿದ್ದಲ್ವಾ, ಘನತೆ ಅಂತ?" ಎಂದೆ.

"ಅದು ಬೇರೆ."

ಡಿಪಾರ್ಟ್‌ಮೆಂಟ್ ಎಂಬ ಪದವನ್ನೂ ಬಿಟ್ಟರು. ಅಷ್ಟು ನೋವಾಗಿತ್ತು.

ಅದೇ ತಿಂಗಳಲ್ಲಿ ವಿನ್ಸೆಂಟನ ವಿಷಯ ಬಂತು. ಅವನು ಕಿನ್ನಿಗೋಳಿ ಕಡೆಯವನು, ನಮ್ಮ ಕಂಪೆನಿಯ ಮೆಕ್ಯಾನಿಕ್, ಅಲ್ ಖೋರ್‌ನ ಕೆಲಸಗಾರರ ಕ್ಯಾಂಪಿನಲ್ಲಿ ಇದ್ದ. ಬೆಳಿಗ್ಗೆ ಕತ್ತಲೆಯಲ್ಲಿ ಬಸ್ಸು ಹತ್ತಿ ಗ್ಯಾಸ್ ಪ್ಲಾಂಟಿಗೆ ಹೋಗಿ ಸಂಜೆ ಬರುವುದು. ಅವನ ಮಗಳಿಗೆ ಮೂರು ವರ್ಷ. ಫೋನಿನಲ್ಲಿ 'ಪಪ್ಪ' ಎನ್ನುವ ಹುಡುಗಿ, ಅವನು ರಜೆಯಲ್ಲಿ ಮನೆಗೆ ಹೋದಾಗ ಬಾಗಿಲ ಹಿಂದೆ ಅಡಗಿ ಕೂತಳಂತೆ. ರಜೆ ಮುಗಿಯುವ ಹೊತ್ತಿಗೆ ತೊಡೆಯ ಮೇಲೆ ಬರತೊಡಗಿದ್ದಳಂತೆ. ಈಗ ಅವನಿಗೆ ಅದೇ ಪ್ಲಾಂಟಿನ ಬೇರೊಂದು ಕಂಪೆನಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಕೊಡುತ್ತಿದ್ದರು, ಮನೆಯನ್ನೂ ಕೊಡುತ್ತಿದ್ದರು. ಆದರೆ ಹಳೆಯ ಕಂಪೆನಿ 'ನಮ್ಮ ಅಡ್ಡಿಯಿಲ್ಲ' ಎಂದು ಬರೆದುಕೊಡಬೇಕು. ನಾವು ಅದನ್ನು ರಿಲೀಸ್ ಎನ್ನುತ್ತಿದ್ದೆವು. ರಿಲೀಸ್ ಇಲ್ಲದೆ ಕೆಲಸ ಬಿಟ್ಟರೆ ಊರಿಗೆ ಹೋಗಿ ಎರಡು ವರ್ಷ ಕೂತುಕೊಳ್ಳಬೇಕು. ಹೊಸ ಕಂಪೆನಿ ನವೆಂಬರ್ ಕೊನೆಯವರೆಗೆ ಮಾತ್ರ ಕಾಯುತ್ತೇವೆ ಎಂದಿತ್ತು.

ರಿಲೀಸಿಗೆ ಸಹಿ ಹಾಕುವ ಅಧಿಕಾರ ಇದ್ದದ್ದು ಅಧ್ಯಕ್ಷರಿಗೆ.

ವಿನ್ಸೆಂಟ್ ಅರ್ಧ ದಿನ ರಜೆ ಹಾಕಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದ. ನನ್ನ ಮೇಜು ಅವರ ಮೇಜಿನಿಂದ ಎರಡನೆಯದು. ಎಲ್ಲ ಕೇಳುತ್ತಿತ್ತು.

"ನಾನು ಲಿಬರಲ್, ವಿನ್ಸೆಂಟ್. ನಿಂಗೆ ಗೊತ್ತುಂಟಲ್ಲ. ಬೇರೆ ಯಾರಾದ್ರೂ ಆಗಿದ್ರೆ ಈ ಅರ್ಜಿ ಕೈಯಲ್ಲಿ ಮುಟ್ತಿರ್ಲಿಲ್ಲ. ನಾನು ಮುಟ್ಟಿದೆ."

"ಮುಟ್ಟಿದ್ರಲ್ಲ ಸರ್. ಒಂದು ಸಹಿ ಸಹ ಹಾಕಿ."

"ನಿಂಗೆ ಕೊಟ್ರೆ ನಾಳೆ ಹತ್ತು ಜನ ಬಂದು ನಿಲ್ತಾರೆ."

"ಮನುಷ್ಯನನ್ನು ಅವನ ಪಾಡಿಗೆ ಬಿಡ್ಬೇಕು ಅಂತ ಸಂಘದ ವಾರ್ಷಿಕೋತ್ಸವದಲ್ಲಿ ನೀವು ಹೇಳಿದ್ದು ನಾನು ಕೇಳಿದ್ದೇನೆ. ಎದುರಿನ ಸಾಲಲ್ಲಿ ಕೂತಿದ್ದೆ."

ಟಕ್ ಟಕ್ ಎಂದಿತು ಉಗುರು.

"ಅದು ಬೇರೆ ಡಿಪಾರ್ಟ್‌ಮೆಂಟ್ ಮಾರಾಯ."

ಅವರ ಹಿಂದೆ ಗೋಡೆಯ ಮೇಲೆ 'ಆಡಳಿತ ವಿಭಾಗ' ಎಂಬ ಫಲಕ ಇತ್ತು. ಬೇರೆ ಯಾವ ಡಿಪಾರ್ಟ್‌ಮೆಂಟೂ ಆ ಕೋಣೆಯಲ್ಲಿ ಇರಲಿಲ್ಲ. ವಿನ್ಸೆಂಟ್ ಬಾಗಿಲ ಹತ್ತಿರ ನನ್ನನ್ನು ನೋಡಿ, "ನಾನು ಕ್ಯಾಂಪಿಗೆ ಹೋಗ್ತೇನೆ. ಬಸ್ಸು ತಪ್ಪಿದ್ರೆ ಅದೂ ಬೇರೆ ಡಿಪಾರ್ಟ್‌ಮೆಂಟ್," ಎಂದು ಹೋದ.

ಸಂಘದ ಸದಸ್ಯನೊಬ್ಬನ ಬದುಕನ್ನು ಸಂಘದ ಅಧ್ಯಕ್ಷರೇ ಹಿಡಿದಿಟ್ಟಿದ್ದಾರೆ ಎಂಬ ಮಾತು ಹರಡಿತು. ಕಾರ್ಯಕಾರಿ ಸಮಿತಿಯಲ್ಲಿ ಅವರನ್ನು ಬಿಟ್ಟರೆ ನಾವು ನಾಲ್ವರು: ಕಾರ್ಯದರ್ಶಿ, ಖಜಾಂಚಿ, ಸಾಂಸ್ಕೃತಿಕ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿಯಾಗಿ ನಾನು. ನವೆಂಬರಿನ ಎರಡನೆಯ ವಾರ ಖಜಾಂಚಿಯ ಅಂಗಡಿಯ ಹಿಂಭಾಗದಲ್ಲಿ ಸೇರಿದೆವು. ಉಪಾಯ ಹೇಳಿದವನು ನಾನೇ. ಅಧ್ಯಕ್ಷರು ನೌಕರಿಗಿಂತ ಸಂಘದ ಕುರ್ಚಿಯನ್ನು ಹೆಚ್ಚು ಪ್ರೀತಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಅವರೇ ಕಲಿಸಿದ ರೀತಿಯಲ್ಲಿ ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಾಗಿಲು ಹಾಕಿ, ಒಂದೇ ವಾಕ್ಯ ಹೇಳುವುದು: ವಿನ್ಸೆಂಟನಿಗೆ ರಿಲೀಸ್ ಕೊಡದಿದ್ದರೆ ನಿಮ್ಮ ಕೆಳಗೆ ನಾನು ಇರುವುದಿಲ್ಲ.

"ಅವರಿಗೆ ಅರ್ಥ ಆಗ್ತದಾ?" ಎಂದು ಸಾಂಸ್ಕೃತಿಕ ಕಾರ್ಯದರ್ಶಿ ಕೇಳಿದರು.

"ಅವರಿಗೆ ಆಗದೆ ಇನ್ಯಾರಿಗೆ ಆಗುದು? ನಮಗೆ ಪಾಠ ಮಾಡಿದ್ದೇ ಅವರಲ್ವಾ," ಎಂದರು ಖಜಾಂಚಿ.

ಇದನ್ನು ನಾವು ನಂಬಿದೆವು. ಎರಡು ವರ್ಷ ಅವರ ದೋಸೆ ತಿಂದು ಪಾಠ ಕೇಳಿದ್ದರ ಫಲ ಇದು. ಹೇಳಿದವನನ್ನು ಅವನ ಮಾತು ಕಟ್ಟಿಹಾಕುತ್ತದೆ ಎಂದುಕೊಂಡಿದ್ದೆವು.

ಮುಂದಿನ ಶುಕ್ರವಾರ ನಾವು ನಾಲ್ವರೂ ಒಂದು ಟ್ಯಾಕ್ಸಿಯಲ್ಲಿ ಹೋದೆವು. ಹಿಂದೆ ಮೂವರು, ಮುಂದೆ ಖಜಾಂಚಿ. ಅಕ್ಕ ಬಾಗಿಲು ತೆರೆದು, ಎಲ್ಲರೂ ಇಸ್ತ್ರಿ ಶರಟಿನಲ್ಲಿ ಬಂದದ್ದು ನೋಡಿ, ಯಾರದ್ದಾದರೂ ಮದುವೆಯೇ ಎಂದು ಕೇಳಿದರು. ಅಧ್ಯಕ್ಷರು ಒಳಕೋಣೆಯಲ್ಲಿದ್ದರು. ಕಾರ್ಯದರ್ಶಿ ಮೊದಲು ಹೋಗಿ ಬಾಗಿಲು ಹಾಕಿಕೊಂಡರು.

ಒಂದು ದೋಸೆ ತಿನ್ನುವಷ್ಟು ಹೊತ್ತಿನಲ್ಲಿ ಹೊರಗೆ ಬಂದರು. ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟ್ಲಿ.

"ಹೇಳಿದ್ರಾ?" ಎಂದೆ.

"ಪಾಪ ಮಾರಾಯ, ಬಿಪಿ ಉಂಟಂತೆ. ಡಾಕ್ಟ್ರು ಟೆನ್ಶನ್ ಮಾಡ್ಕೊಳ್ಬಾರ್ದು ಅಂತ ಹೇಳಿದ್ದಾರಂತೆ. ಇವತ್ತು ಬೇಡ ಅಂತ ಕಂಡಿತು."

ಖಜಾಂಚಿ ಅವರನ್ನು ಕೆಟ್ಟದಾಗಿ ನೋಡಿ ಒಳಗೆ ಹೋದರು. ಬಾಗಿಲ ಹಿಂದಿನಿಂದ ಮೊದಲು ಗಟ್ಟಿ ಮಾತು ಕೇಳಿಸಿತು, ಆಮೇಲೆ ನಗು. ಹೊರಗೆ ಬಂದಾಗ ಮುಖ ಅರಳಿತ್ತು. ಸಂಘಕ್ಕೆ ಇದುವರೆಗೆ ಉಪಾಧ್ಯಕ್ಷ ಎಂಬ ಹುದ್ದೆ ಇರಲಿಲ್ಲ. ಇನ್ನು ಮುಂದೆ ಇರುತ್ತದೆ ಎಂದು ನಮಗೆ ತಿಳಿಸಿದರು. ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಸಾಂಸ್ಕೃತಿಕ ಕಾರ್ಯದರ್ಶಿ ಮೂರನೆಯವರಾಗಿ ಹೋಗಿ, ಜನವರಿಯಲ್ಲಿ ಊರಿನಿಂದ ಬರುವ ನಾಟಕ ತಂಡದ ಸ್ವಾಗತ ಸಮಿತಿಯ ಸಂಚಾಲಕರಾಗಿ ಹೊರಗೆ ಬಂದರು. ಅತಿಥಿಗಳ ಜೊತೆ ವೇದಿಕೆಯ ಮೇಲೆ ಅವರಿಗೂ ಕುರ್ಚಿಯಂತೆ.

ಆ ಮೂವರ ಬಗ್ಗೆ ಅಂದು ನಾನು ಬರೆದುಕೊಂಡದ್ದನ್ನು ಇಲ್ಲಿ ಕೊಡುವುದಿಲ್ಲ. ಅವರು ಈಗಲೂ ನನ್ನ ಜೊತೆ ಊಟ ಮಾಡುವವರು.

ನಾನು ಒಳಗೆ ಹೋದಾಗ ಅಧ್ಯಕ್ಷರು ಕಿಟಕಿಯಿಂದ ಹೊರಗೆ ನೋಡುತ್ತಿರಲಿಲ್ಲ. ಮಂಚದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಬಾಗಿಲು ಹಾಕಿದೆ. ವಾಕ್ಯವನ್ನು ಪೂರ್ತಿ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಒಬ್ಬ ಶಿಷ್ಯನಾದರೂ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ಎಂಬಂತೆ ತಲೆಯಾಡಿಸಿದರು.

"ನೀನು ಹೇಳಿದ್ದು ಸರಿ ಉಂಟು. ಆದ್ರೆ ಉಳಿದ ಮೂವರು ಹೇಳ್ಲಿಲ್ಲ. ಒಬ್ಬನೇ ಹೇಳಿದ್ರೆ ನಾಯಕ ಇಳಿಯುದಿಲ್ಲ. ಹೇಳಿದವ ಇಳಿಯುದು."

"ಆಗ್ಲಿ ಸರ್. ಇಳೀತೇನೆ."

"ಕೂತ್ಕೋ. ನಿಂಗೆ ಎಂತ ಬೇಕು, ಹೇಳು."

"ನಂಗೆ ಎಂತದೂ ಬೇಡ. ವಿನ್ಸೆಂಟಿಗೆ ರಿಲೀಸ್."

ಉಗುರನ್ನು ಮಂಚದ ಹಲಗೆಯ ಮೇಲೆ ಬಡಿಯತೊಡಗಿದರು. ಈ ಸಲ ನಿಧಾನವಾಗಿ.

"ಮಹಾಸಭೆ ಯಾವತ್ತು?"

"ಬರುವ ಶುಕ್ರವಾರ."

"ಅಲ್ ಖೋರ್ ಕ್ಯಾಂಪಿನಿಂದ ಬಸ್ಸು ತುಂಬ ಹುಡುಗ್ರು ಬರ್ತಾರೆ. ನನ್ನ ವಿರುದ್ಧ ಒಬ್ಬನನ್ನು ನಿಲ್ಲಿಸ್ಲಿಕ್ಕೆ ಅವರು ಮಾತಾಡ್ತಿದ್ದಾರೆ ಅಂತ ನಂಗೆ ಗೊತ್ತುಂಟು. ಅವರು ನಿನ್ನ ಮಾತು ಕೇಳ್ತಾರೆ. ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರು ನೀನು ಸೂಚಿಸ್ಬೇಕು. ನಾಲ್ಕು ಒಳ್ಳೆ ಮಾತು ಸಹ ಆಡ್ಬೇಕು. ಮರುದಿನ ಬೆಳಿಗ್ಗೆ ಆಫೀಸಲ್ಲಿ ನಿಂಗೆ ಕಾಗದ."

"ಮೊದಲು ಕಾಗದ ಕೊಡಿ."

"ಮೊದಲು ಮಹಾಸಭೆ. ಎಲ್ಲದಕ್ಕೂ ಒಂದು ಕ್ರಮ ಉಂಟಲ್ಲ." ಇನ್ನೂ ಪಾಠ ಮುಗಿದಿಲ್ಲ ಎಂಬಂತೆ ಹೇಳಿದರು: "ಇದಕ್ಕೆ ಕಾಂಪ್ರಮೈಸ್ ಅಂತ ಹೇಳುದು. ಲಿಬರಲಿಸಂನ ಹೃದಯ ಇದೇ."

ಒಬ್ಬ ಮನುಷ್ಯನ ಹೆಂಡತಿ ಮಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸಂಘದ ವೇದಿಕೆಯ ಪ್ಲಾಸ್ಟಿಕ್ ಹೂಗಳ ಹಿಂದಿನ ಒಂದು ಕುರ್ಚಿಯನ್ನಿಟ್ಟು, ಎರಡೂ ಸಮ ತೂಗಿದವು ಎಂದು ಸಂತೋಷಪಡುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೆಟ್ಟವರನ್ನು ಕಂಡಿದ್ದೆ. ಅವರು ತಮ್ಮ ಕೆಲಸಕ್ಕೆ ಹೃದಯ ಎಂಬ ಹೆಸರಿಟ್ಟಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಿಂತು ವಿನ್ಸೆಂಟನಿಗೆ ಫೋನ್ ಮಾಡಿದೆ. ಇದು ಮರ್ಯಾದೆಗೇಡಿನ ವ್ಯಾಪಾರವೆಂದೂ, ಬೇಡವೆಂದರೆ ಈಗಲೇ ಒಳಗೆ ಹೋಗಿ ಬೇಡ ಎನ್ನುತ್ತೇನೆಂದೂ ಹೇಳಿದೆ. ಆ ಕಡೆ ಬಟ್ಟೆ ಒಗೆಯುವ ಸದ್ದು ನಿಂತಿತು.

"ನಿಂಗೆ ಮಂಡೆ ಸರಿ ಉಂಟಾ? ಅವನ ಹೆಸರು ಸೂಚಿಸು. ಬೇಕಾದ್ರೆ ಅವನ ಅಜ್ಜನ ಹೆಸರೂ ಸೂಚಿಸು. ಅವ ಸಾಯುವ ತನಕ ಅಧ್ಯಕ್ಷ ಆಗಿರ್ಲಿ, ನಂಗೆಂತ? ನಂಗೆ ಕಾಗದ ಬೇಕು ಮಾರಾಯ. ನನ್ನ ಮಗಳು ಶಾಲೆಗೆ ಹೋಗುವಷ್ಟು ದೊಡ್ಡ ಆಗ್ತಾ ಬಂತು."

ಮಹಾಸಭೆಯಲ್ಲಿ ನಾನು ಅವರ ಹೆಸರನ್ನು ಸೂಚಿಸಿದೆ. ನಾಲ್ಕು ಒಳ್ಳೆಯ ಮಾತು ಆಡಬೇಕಿತ್ತು; ಎಣಿಸಿ ನಾಲ್ಕೇ ಆಡಿದೆ. ಕ್ಯಾಂಪಿನ ಹುಡುಗರು ನನ್ನನ್ನು ನೋಡಿ, ಒಬ್ಬರನ್ನೊಬ್ಬರು ನೋಡಿ, ಬೇರೆ ಹೆಸರು ಸೂಚಿಸುವುದನ್ನು ಕೈಬಿಟ್ಟರು. ಹಿಂದಿನ ಸಾಲಿನಲ್ಲಿ ವಿನ್ಸೆಂಟ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಅಧ್ಯಕ್ಷರು ಕೋಟಿನ ಮೇಲೆ ಉಪಚುನಾವಣೆ ಕಾಲದ, ಲಿಬರಲ್ ಪಕ್ಷದ ಕಿತ್ತಳೆ ಬಣ್ಣದ ಬಿಲ್ಲೆ ಸಿಕ್ಕಿಸಿಕೊಂಡು ಮೈಕಿನ ಮುಂದೆ ನಿಂತು, ತಾವು ಬೇಡವೆಂದರೂ ಯುವಕರು ಬಿಡುತ್ತಿಲ್ಲ ಎಂದರು. ಅಧಿಕಾರ ಬಿಟ್ಟುಕೊಡುವುದರಲ್ಲಿ ಬ್ರಿಟಿಷರು ಜಗತ್ತಿಗೇ ಮಾದರಿ ಎಂದೂ ಹೇಳಿದರು. ಆ ಭಾಷಣದಲ್ಲಿ ಲಿಬರಲ್ ಎಂಬ ಪದ ಹನ್ನೊಂದು ಸಲ ಬಂತು. ಅದಕ್ಕೆ ಮೊದಲು ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಎಂದರೆ ಒಂಬತ್ತು.

ಮರುದಿನ ಬೆಳಿಗ್ಗೆ ಕಾಗದ ಕೊಟ್ಟರು. ಅದರಲ್ಲಿ ಅವರು ಮೋಸ ಮಾಡಲಿಲ್ಲ. ಸಹಿಯ ಕೆಳಗೆ ಮುದ್ರೆ ಒತ್ತಿ, ಶಾಯಿ ಒಣಗುವ ತನಕ ಉಗುರಿನ ತುದಿಯಲ್ಲಿ ಕಾಗದದ ಮೂಲೆ ಒತ್ತಿ ಹಿಡಿದು, "ನೋಡಿದ್ಯಾ, ನಾನು ಯಾರನ್ನೂ ಹಿಡಿದಿಡುವ ಜನ ಅಲ್ಲ," ಎಂದರು. ಅದನ್ನು ಅವರು ನಿಜವಾಗಿಯೂ ನಂಬಿದ್ದರು ಎಂಬುದೇ ನನಗೆ ಸಹಿಸಲಾಗದೆ ಹೋದದ್ದು. ಆಮೇಲೆ ನಾನು ಶುಕ್ರವಾರದ ದೋಸೆಗೆ ಹೋಗಲಿಲ್ಲ. ದೋಸೆಯ ಮಟ್ಟಿಗೆ ಅದು ನಷ್ಟವೇ.

2009ರ ಏಪ್ರಿಲಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮಧ್ಯಾಹ್ನದೊಳಗೆ ಹೋಗಿಬಿಟ್ಟರು. ಆಗಲೂ ಅಧ್ಯಕ್ಷರೇ ಆಗಿದ್ದರು. ದೇಹವನ್ನು ಊರಿಗೆ ಕಳಿಸಲು ಪಾಸ್‌ಪೋರ್ಟ್ ಬೇಕಿತ್ತು. ಮನೆಯಲ್ಲಿ ಇಲ್ಲ ಎಂದರು ಅಕ್ಕ. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲದಿಂದ ಕೀಲಿಗೊಂಚಲು ತೆಗೆದು ನನ್ನ ಕೈಗೆ ಕೊಟ್ಟರು.

ಕಬ್ಬಿಣದ ಕಪಾಟನ್ನು ನಾನು ತೆರೆದೆ. ಪಾಸ್‌ಪೋರ್ಟುಗಳು ಹೆಸರಿನ ಅಕ್ಷರಕ್ರಮದಲ್ಲಿ, ಒಂದೊಂದು ಕಟ್ಟಿಗೆ ಒಂದೊಂದು ರಬ್ಬರ್ ಬ್ಯಾಂಡಿನಲ್ಲಿ ಕೂತಿದ್ದವು. ಅವರದ್ದು ಒಬ್ಬ ಪೈಪ್ ಫಿಟ್ಟರ್ ಮತ್ತು ಒಬ್ಬ ನೇಪಾಳಿ ಹೆಲ್ಪರ್ ನಡುವೆ ಇತ್ತು. ಎಲ್ಲರ ಪಾಸ್‌ಪೋರ್ಟೂ ಕಂಪೆನಿಯಲ್ಲಿರಬೇಕು ಎಂಬ ನಿಯಮ ಮಾಡಿದವರೇ ಅವರು, ತಮ್ಮದನ್ನೂ ತಾವೇ ಬೀಗ ಹಾಕಿಟ್ಟಿದ್ದರು ಎಂದು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರರು ಹೇಳಿದರು. ಇದನ್ನು ಶ್ರದ್ಧಾಂಜಲಿ ಸಭೆಯಲ್ಲಿ ಖಜಾಂಚಿ ಸಮಾನತೆ ಎಂದು ಹೊಗಳಿದರು. ನನಗೆ ಹಾಗೆ ಕಾಣಲಿಲ್ಲ. ಇಪ್ಪತ್ತು ವರ್ಷ ಕೀಲಿ ಸೊಂಟದಲ್ಲಿದ್ದರೂ ತನ್ನ ಪಾಸ್‌ಪೋರ್ಟನ್ನು ತಾನು ಇಟ್ಟುಕೊಳ್ಳಬಹುದು ಎಂದು ಹೊಳೆಯದವನು, ಬೇರೆಯವನಿಗೆ ಅದನ್ನು ಕೊಡಬಹುದು ಎಂದು ಹೇಗೆ ಯೋಚಿಸಿಯಾನು? ನಾಯಿ ಕಚ್ಚಿದ ಆ ಕಾಲಿಗೆ ಆ ತತ್ವ ತಲುಪಿತ್ತು. ಅಲ್ಲಿಂದ ಮೇಲೆ ಏರಿರಲಿಲ್ಲ.

ಕಪಾಟು ಮುಚ್ಚುವ ಮೊದಲು ನನ್ನ ಪಾಸ್‌ಪೋರ್ಟನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ಮ್ಯಾನೇಜರರು ನೋಡಿದರು. ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಅಕ್ಕ ಊರಿಗೆ ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. "ಒಳ್ಳೆ ಮಾತಾಡ್ತಿದ್ರು ಅಲ್ವಾ, ಇವರು?" ಎಂದರು.

"ಹೌದು ಅಕ್ಕ," ಎಂದೆ. ಅದು ಸುಳ್ಳಲ್ಲ.

"ಕೇಳಿ ಕೇಳಿ ನಂಗೂ ಬಾಯಿಪಾಠ ಆಗಿತ್ತು. ಇನ್ನು ಊರಲ್ಲಿ ಹೊಲಿಗೆ ಕ್ಲಾಸ್ ಮಾಡ್ತೇನೆ. ಬೇಡ ಅನ್ಲಿಕ್ಕೆ ಯಾರೂ ಇಲ್ಲ ಈಗ."

ಅಧ್ಯಕ್ಷರ ಒಂದು ಋಣ ನನ್ನ ಮೇಲೆ ಉಳಿದಿದೆ. ಬ್ರಿಟನ್ನಿನ ಚರಿತ್ರೆಯಲ್ಲಿ ನಾಯಕರು ಹೇಗೆ ಇಳಿದರು ಎಂಬುದನ್ನು ಅವರಿಂದ ಕಲಿತೆ. ಇಳಿಯುವುದನ್ನು ನಾಯಕನ ಒಳ್ಳೆಯ ಮನಸ್ಸಿಗೆ ಬಿಡಬಾರದು ಎಂಬುದನ್ನು ಅವರ ಮನೆಯ ಒಳಕೋಣೆಯಲ್ಲಿ ಕಲಿತೆ. ಆ ವರ್ಷದ ನವೆಂಬರಿನ ಮಹಾಸಭೆಯಲ್ಲಿ ಸಂಘದ ನಿಯಮಾವಳಿಗೆ ಒಂದು ಸಾಲು ಸೇರಿಸಲು ಸೂಚಿಸಿದೆ: ಒಬ್ಬರು ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರಬಾರದು. ಅದೇ ಮೈಕಿನ ಮುಂದೆ, ಅದೇ ಪ್ಲಾಸ್ಟಿಕ್ ಹೂಗಳ ಹಿಂದೆ ನಿಂತಿದ್ದೆ. ಈ ಸಲ ಯಾವ ಸಹಿಗೂ ಕಾಯುತ್ತಿರಲಿಲ್ಲ. ಖಜಾಂಚಿ ಎದ್ದು, ಇದನ್ನು ದಿವಂಗತ ಅಧ್ಯಕ್ಷರ ಸ್ಮರಣಾರ್ಥ ಎಂದು ನಮೂದಿಸೋಣ, ಅವರು ಜೀವನವಿಡೀ ಸಾರಿದ್ದು ಇದನ್ನೇ ಅಲ್ಲವೇ ಎಂದರು. ಸಭೆ ಚಪ್ಪಾಳೆ ಹೊಡೆಯಿತು. ನಮೂದಿಸಿದೆ.

ನಿಯಮವನ್ನು ಅನುಮೋದಿಸಿದವನು ವಿನ್ಸೆಂಟ್. ಅಲ್ ಖೋರ್‌ನಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬಂದಿದ್ದ. ಹೇಳಬೇಕಾದ್ದನ್ನು ಹೇಳಿ ಅವನು ಕೂತುಕೊಳ್ಳಲು ಹೊರಟಾಗ ಅವನ ಕುರ್ಚಿ ಖಾಲಿ ಇರಲಿಲ್ಲ. ಮಗಳು ಅದರಲ್ಲಿ ಕಾಲು ಚಾಚಿ ಕೂತಿದ್ದಳು, ಏಳು ಎಂದರೆ ಏಳಲಿಲ್ಲ.

"ಎರಡು ಅವಧಿ ಆದ್ಮೇಲೆ ಏಳ್ತಾಳೆ, ಬಿಡಿ," ಎಂದು ವಿನ್ಸೆಂಟ್ ಗೋಡೆಗೆ ಒರಗಿ ನಿಂತ.